ಬೀಳೂದು ಖರೆ

ಸ್ಯಾನ್ ಡಿಯೇಗೋ ದಾರಿಯಲ್ಲಿ ಸ್ಯಾನ್ ಕ್ಲೆಮೆಂಟೆ ದಾಟಿ ಬಲಗಡೆಗೆ ಕಡಲು ತೆರೆದುಕೊಂಡಾಗ ಬಸವಪ್ರಸಾದನಿಗೆ ಯಾರೋ ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು. ಕಾರಿನಲ್ಲಿ ಅವನ ಹೊರತು ಯಾರೂ ಇರಲಿಲ್ಲ. ‘ಹ್ಞಾ’ ಎಂದು ಮೂಗಿನಿಂದ ಹೊರಟು, ಎದೆಗೊಮ್ಮೆ ಇಳಿದು, ಬಾವಿಯಿಂದ ಕೊಡ ಜಗ್ಗಿದಂತೆ ತಡೆತಡೆದು ಮೇಲೆ ಬರುವ ಆ ಕೆಮ್ಮು ಅವನ ಹಳೆಯ ಮೇಲಧಿಕಾರಿ ಮಹಾಂತಪ್ಪನವರದು. ಬಂದದ್ದು ಮಾತ್ರ ತನ್ನ ಬಾಯಿಂದ. ಇತ್ತೀಚೆಗೆ ಹೀಗೇ ಆಗುತ್ತಿತ್ತು. ಪೆಟ್ರೋಲ್ ಬಂಕಿನಲ್ಲಿ, ಹಲ್ಲುಜ್ಜುವಾಗ, ಒಮ್ಮೆ ನಿದ್ದೆಯಲ್ಲಿ. ಬೆಳಿಗ್ಗೆ ಪೋರ್ಟರ್ ರ‍್ಯಾಂಚಿನ ಮನೆಯಿಂದ ಹೊರಡುವಾಗ ಹೆಂಡತಿ ಅರುಂಧತಿ ಟಿಫಿನ್ ಡಬ್ಬಿ ಕೈಗಿಡುತ್ತ, “ಇವತ್ತು ಯಾರ ದನಿ ಹಾಕ್ಕೊಂಡು ಹೋಗ್ತಿದೀರಿ?” ಎಂದು ಕೇಳಿದ್ದಳು, ಅಂಗಿಯ ವಿಚಾರ ಕೇಳಿದ ಹಾಗೆ. ಅವನು ತಕ್ಷಣ ಅವಳ ಅಪ್ಪನ ದನಿಯಲ್ಲಿ ಉತ್ತರ ಕೊಟ್ಟ. ಅವಳು ನಗಲಿಲ್ಲ. ಮೊದಲೆಲ್ಲ ನಗುತ್ತಿದ್ದಳು. ಮಂಡ್ಯದ ಮಾವ, ಕನ್ನಡ ಸಂಘದ ಅಧ್ಯಕ್ಷರು, ಟೀವಿಯಲ್ಲಿ ಕಿರುಚುವ ವಾರ್ತೆಯವನು, ಪಕ್ಕದ ಮನೆಯ ಆರ್ಮೇನಿಯನ್ ಅಜ್ಜಿ, ಯಾರನ್ನು ಬೇಕಾದರೂ ಬಾಯಿಗೆ ಇಳಿಸಬಲ್ಲವನು ಎಂದು ಅವಳೇ ಎಲ್ಲರ ಮುಂದೆ ಹೇಳಿಕೊಳ್ಳುತ್ತಿದ್ದಳು. ಇಳಿಸುವುದು ಅವನ ಕಸುಬೂ ಹೌದು ತಾನೇ. ಮೇಲೆ ಸುತ್ತುವ ಸತ್ತ ಉಪಗ್ರಹಗಳು, ಖಾಲಿಯಾದ ರಾಕೆಟ್ ಹಂತಗಳು ಯಾವಾಗ, ಎಲ್ಲಿ ಭೂಮಿಗೆ ಇಳಿಯುತ್ತವೆ ಎಂದು ಲೆಕ್ಕ ಹಾಕಿ ಹೇಳುವ ಒಂದು ಸಣ್ಣ ಕಂಪನಿಯಲ್ಲಿ ಅವನು ತಂಡದ ಲೀಡ್. ನೆಂಟರು ‘ಗಗನ ಜೋಯಿಸ’ ಅನ್ನುತ್ತಿದ್ದರು. ಜೋಯಿಸರಿಗೆ ಒಂದು ಅನುಕೂಲವಿದೆ, ಹೇಳಿದ್ದು ತಪ್ಪಿದರೆ ಗ್ರಹದ ಮೇಲೆ ಹಾಕಬಹುದು.

ಇವತ್ತೂ ಒಂದು ಇಳಿಯುವುದಿತ್ತು. ಗಿರಾಕಿಯೊಬ್ಬನ ರಾಕೆಟ್ಟಿನ ಮೇಲಿನ ಹಂತ, ಬಸ್ಸಿನಷ್ಟು ಉದ್ದದ ಲೋಹದ ಡಬ್ಬಿ. ಉರಿದು ಹೋಗುವುದು ಬಹುಪಾಲು, ಹೋಗದೇ ಉಳಿಯುವುದು ಒಳಗಿನ, ಅನಿಲ ತುಂಬಿಡುವ ದಪ್ಪ ಲೋಹದ ಗುಂಡುಗಳು. ಸಂಜೆ ನಾಲ್ಕೂಮುಕ್ಕಾಲರಿಂದ ಐದೂವರೆಯೊಳಗೆ, ಪೆಸಿಫಿಕ್ ಸಾಗರದಲ್ಲಿ, ಎಂದು ಅವನು ಬೆಳಿಗ್ಗೆಯೇ ಬರೆದು ಸಹಿ ಮಾಡಿದ್ದ. ಅಷ್ಟು ಕಿರಿದಾದ ವಿಂಡೋ, ಅಂದರೆ ಬೀಳುವ ಹೊತ್ತಿನ ಅಂತರ, ಕೊಡುವ ಹೊತ್ತು ಅದಲ್ಲ ಎಂಬುದು ಅವನಿಗೆ ಗೊತ್ತಿತ್ತು. ಆದರೆ ಮ್ಯಾನೇಜರ್ ವಿಕ್ರಮ್, “ಗುರೂ, ವಿಂಡೋ ಅಗಲ ಮಾಡಿದ್ರೆ ಅದರೊಳಗೆ ನಾಲ್ಕು ದೇಶ ಬಂದು ಕೂತ್ಕೊಳ್ತವೆ. ಆಮೇಲೆ ನಾಲ್ಕು ದೇಶಕ್ಕೂ ನೋಟೀಸ್ ಕಳಿಸ್ಬೇಕು, ನಾಲ್ಕು ಕಡೆ ವಿಮಾನ ನಿಲ್ಲಿಸ್ತಾರೆ. ನೀರಿನ ಮೇಲೇ ಇರ್ಲಿ. ನೀರಿಗೆ ಪಾಸ್‌ಪೋರ್ಟ್ ಇಲ್ಲ,” ಎಂದಿದ್ದ. ಪ್ರಸಾದ್ ನಕ್ಕಿದ್ದ. ನಕ್ಕ ಮೇಲೆ ಇಲ್ಲ ಅನ್ನುವುದು ಕಷ್ಟ. ಅವನ ಬದುಕಿನ ಎಷ್ಟೋ ಒಪ್ಪಿಗೆಗಳು ನಗುವಿನ ಬಾಲ ಹಿಡಿದೇ ಬಂದಿದ್ದವು.

ನಗು ಅಂದರೆ ವೆಸ್ಟ್ ಕೊವಿನಾದ ಶಾಲೆಯ ಆ ಹಾಲ್ ಕಣ್ಣಮುಂದೆ ಬರುತ್ತದೆ. ಕೋವಿಡ್ ಮುಗಿದ ಮೇಲೆ ಕನ್ನಡ ಸಂಘದ ಮೊದಲ ದೀಪಾವಳಿ. ಮಾಸ್ಕ್ ಬಿಚ್ಚಿದ ಮುಖಗಳು ಎರಡು ವರ್ಷದ ನಗು ಕೂಡಿಟ್ಟುಕೊಂಡು ಬಂದಿದ್ದವು. ಮುಂದಿನ ಸಾಲಿನಲ್ಲಿ ಮಹಾಂತಪ್ಪನವರು, ಅವರ ಪಕ್ಕ ವಿಜಯಕ್ಕ. ಗದಗದ ಕಡೆಯವರು. ಈ ಕಸುಬಿನಲ್ಲಿ ಪ್ರಸಾದನಿಗೆ ಓನಾಮ ಹಾಕಿಸಿದವರು, ಆಗಿನ್ನೂ ಕಂಪನಿಯ ಲೀಡ್. ಪ್ರಸಾದ್ ಮೈಕ್ ಮುಂದೆ ನಿಂತು ಹೆಗಲು ಒಂದಿಷ್ಟು ಬಗ್ಗಿಸಿದ್ದೇ ತಡ, ಗೊತ್ತಿದ್ದವರು ಶುರುವಿಗೇ ಕಿಸಕ್ಕೆಂದರು. “ಮಹಾಂತಪ್ನೋರೆ, ಮಗಳ ಮದುವಿ ಮುಹೂರ್ತ ಯಾವಾಗ್ರಿ? ಹ್ಞಾ... ಮುಹೂರ್ತ ಐತಿ. ಹತ್ತೂವರಿಗೆ. ಪ್ಲಸ್ ಆರ್ ಮೈನಸ್ ಎರಡ ದಿವಸ! ವರ ಯಾರ್ರಿ? ಅದನ್ನ ಕಡೀ ಸುತ್ತಿನ್ಯಾಗ ಹೇಳ್ತೀವಿ. ಬೀಳೂದು ಖರೆ, ಯಾರ ಕೊಳ್ಳಾಗ ಬೀಳ್ತಾಳ ಅನ್ನೂದನ್ನ ಗಾಳಿ ಹೇಳಬೇಕು, ನಾ ಅಲ್ಲ!” ಎರಡು ಕೈಗಳನ್ನು ಗೇಣು, ಮೊಳ, ಮಾರು ಎಂದು ಅಗಲಿಸುತ್ತ ಹೋದ. ಕಲ್ಪನೆಯ ಹೆಂಡತಿಯನ್ನು ಉಪ್ಪಿಟ್ಟಿಗೆ ಉಪ್ಪು ಹೆಚ್ಚಾಯಿತೆಂದು ಬೈದ. ಸಭೆ ಬಿದ್ದು ಬಿದ್ದು ನಕ್ಕಿತು. ನಿಜಕ್ಕೂ ಬಿದ್ದವರು ಮಾತ್ರ ಒಬ್ಬರೇ, ಅದು ಆಗ ಯಾರಿಗೂ ಕಾಣಿಸಲಿಲ್ಲ. ಊಟದ ಸಾಲಿನಲ್ಲಿ ಮಹಾಂತಪ್ಪನವರೇ ಹುಡುಕಿಕೊಂಡು ಬಂದರು. “ಛಲೋ ಮಾಡಿದ್ರಿ ಪ್ರಸಾದ್. ಆದ್ರ ಒಂದು ತಪ್ಪೈತಿ. ಎರಡ ದಿವಸ ಅಂತ ನಾ ಎಂದೂ ಅಂದಿಲ್ಲ. ಬೀಳಾಕ ಎಷ್ಟು ಹೊತ್ತು ಉಳದೈತಿ, ಅದರ ಐದನೇ ಒಂದು ಪಾಲು. ಅಷ್ಟ ಹಿಂದ, ಅಷ್ಟ ಮುಂದ. ಅದಕ್ಕಿಂತ ಕಡಿಮಿ ಹೇಳಾವ ಸುಳ್ಳು ಹೇಳ್ತಾನ.” ಹೇಳಿ, ತಟ್ಟೆಗೆ ಹೋಳಿಗೆ ಹಾಕಿಸಿಕೊಂಡು ಹೋದರು. ಬೇಜಾರಾಗಿತ್ತೋ ಇಲ್ಲವೋ. ಅವರು ಸಿಟ್ಟಾಗಿದ್ದರೆ ಅವನಿಗೆ ಸುಲಭವಿತ್ತು. ಸಿಟ್ಟಿಗೆ ಉತ್ತರ ಕೊಡಬಹುದು, ತಿದ್ದುಪಡಿಗೆ ಏನು ಕೊಡುವುದು?

ಅದು ಅಲ್ಲಿಗೆ ನಿಂತಿದ್ದರೆ! ವಿಕ್ರಮ್ ಆ ವಿಡಿಯೋ ನೋಡಿ, ವರ್ಷದ ಕೊನೆಯ ಆಫೀಸ್ ಪಾರ್ಟಿಯಲ್ಲಿ ಇಂಗ್ಲಿಷಿನಲ್ಲಿ ಮಾಡಿಸಿದ. ಮತ್ತೆ ಕೆಲವು ವಾರಗಳಲ್ಲಿ ಒಂದು ಮೀಟಿಂಗ್. ಮಹಾಂತಪ್ಪನವರು ಎಂದಿನಂತೆ ಎರಡು ಕೈ ಎತ್ತಿ, ಇಲ್ಲಿಂದ ಇಲ್ಲಿವರೆಗೆ ಎಂದು ಗಾಳಿಯಲ್ಲಿ ವಿಂಡೋ ತೋರಿಸುತ್ತಿದ್ದರು. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಫಕ್ಕನೆ ನಕ್ಕಳು. ಪಾಪ, ತಡೆದುಕೊಳ್ಳಲು ಬಾಯಿಗೆ ಕೈ ಇಟ್ಟಳು, ಅದರಿಂದ ಇನ್ನಿಬ್ಬರು ನಕ್ಕರು, ವಿಕ್ರಮನೂ ನಕ್ಕ. ಮಹಾಂತಪ್ಪನವರು ಎತ್ತಿದ್ದ ತಮ್ಮ ಕೈಗಳನ್ನು ಯಾರದೋ ಕೈಗಳೆಂಬಂತೆ ನೋಡಿಕೊಂಡರು. ಆಮೇಲೆ ಅವನ್ನು ಮೇಜಿನ ಕೆಳಗೆ ಇಟ್ಟುಕೊಂಡು ಮಾತು ಮುಗಿಸಿದರು. ಅವತ್ತು ಅವರು ಏನು ಹೇಳಿದರೆಂದು ಯಾರಿಗೂ ನೆನಪಿಲ್ಲ, ಪ್ರಸಾದನಿಗೂ ಇಲ್ಲ. ನೆನಪಿರುವುದು ಮೇಜಿನ ಕೆಳಗೆ ಒಂದರ ಮೇಲೊಂದು ಮಲಗಿದ್ದ ಆ ಕೈಗಳು ಮಾತ್ರ. ಅದೇ ವರ್ಷ ಅವರು ಕೆಲಸ ಬಿಟ್ಟು ಸ್ಯಾನ್ ಡಿಯೇಗೋಗೆ ಹೋದರು. ಖಾಲಿಯಾದ ಕುರ್ಚಿ ಪ್ರಸಾದನಿಗೆ ಬಂತು.

ಗಂಟಲಿನ ಕ್ಯಾನ್ಸರ್ ಬಂದದ್ದು ಅದಾದ ಮೇಲೆ. ದನಿಪೆಟ್ಟಿಗೆಯನ್ನೇ ತೆಗೆದರು, ಅವಸರದಲ್ಲಿ. ಅಲ್ಲೇ ಟೊರ್ರಿ ಪೈನ್ಸಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ದನಿ ಕಳೆದುಕೊಂಡವರಿಗೆ ಅವರದೇ ದನಿಯ ಯಂತ್ರ ಮಾಡಿಕೊಡುತ್ತಾರೆ, ಬೆರಳಲ್ಲಿ ಒತ್ತಿದರೆ ಅದು ಮಾತಾಡುತ್ತದೆ, ಆದರೆ ಹಳೆಯ ರೆಕಾರ್ಡಿಂಗ್ ಬೇಕು ಎಂದರು ಡಾಕ್ಟರು. ಮಹಾಂತಪ್ಪನವರು ಫೋಟೋ ತೆಗೆಯುವವರೇ ಹೊರತು ತೆಗೆಸಿಕೊಳ್ಳುವವರಲ್ಲ. ಮನೆಯ ವಿಡಿಯೋಗಳಲ್ಲಿ ಕ್ಯಾಮೆರಾದ ಹಿಂದಿನಿಂದ ಬರುವ ಒಂದೆರಡು ‘ಹ್ಞಾ’ ಬಿಟ್ಟರೆ ಏನೂ ಇರಲಿಲ್ಲ. ಆಗ ವಿಜಯಕ್ಕ ವೆಸ್ಟ್ ಕೊವಿನಾದ ಆ ವಿಡಿಯೋ ಹುಡುಕಿ ಸಂಸ್ಥೆಗೆ ಕೊಟ್ಟರು. “ಇದರಾಗ ಐತಲ್ಲ ಅವರ ದನಿ. ಭಾಳ ಐತಿ.” ಕೊಟ್ಟ ಮೇಲೆ ಪ್ರಸಾದನಿಗೆ ಫೋನ್ ಮಾಡಿದರು: “ತಮ್ಮಾ, ಅವರಿಗೆ ನಿಮ್ಮ ದನಿ ಬೇಕಾಗೇತಿ. ಅಂದ್ರ ಅವರದ.” ಅವನಿಗೆ ಇಲ್ಲ ಅನ್ನಲಾಗಲಿಲ್ಲ. ಹೂಂ ಅಂದದ್ದು ಪಾಪ ತೊಳೆಯಲೆಂದೋ, ಅಥವಾ ಒಂದು ದೊಡ್ಡ ಪಾತ್ರ ಸಿಕ್ಕಿತೆಂದೋ, ಅವನಿಗೇ ಬಗೆಹರಿಯಲಿಲ್ಲ. ನಾಲ್ಕಾರು ಶನಿವಾರ ಗಾಜಿನ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂತು, ನೀರು ಕೊಡು, ಔಷಧ ಆಯಿತು, ದೀಪ ಆರಿಸು ಎಂಬ ಸಾಲುಗಳನ್ನು ಮಹಾಂತಪ್ಪನವರಾಗಿ ಓದಿದ. ಅಲ್ಲಿಯ ಹರಿಣಿ, ಇಲ್ಲೇ ಹುಟ್ಟಿದ ಹುಡುಗಿ, ಕನ್ನಡ ತಿಳಿದರೂ ಇಂಗ್ಲಿಷಿನಲ್ಲೇ ಆಡುವವಳು, ಸ್ವಲ್ಪ ಕಡಿಮೆ ತಮಾಷೆಯಾಗಿ ಓದಲಾಗುತ್ತದೆಯೇ ಎಂದು ವಿನಯದಿಂದ ಕೇಳಿದಳು. ಪ್ರಯತ್ನಪಟ್ಟ. ತಮಾಷೆ ತೆಗೆದರೆ ಮಹಾಂತಪ್ಪನವರೂ ಹೋಗಿಬಿಡುತ್ತಿದ್ದರು, ಅಲ್ಲಿ ಮೈಸೂರಿನ ಒಬ್ಬ ಮಧ್ಯವಯಸ್ಕ ಉಳಿಯುತ್ತಿದ್ದ. ಅಣಕವಿಲ್ಲದ ಮಹಾಂತಪ್ಪ ಅವನೊಳಗೆ ಇರಲೇ ಇಲ್ಲ. ಇಷ್ಟು ವರ್ಷ ಜೊತೆಗಿದ್ದೂ ಅವನು ಕೇಳಿಸಿಕೊಂಡದ್ದು ನಗಿಸುವ ಭಾಗವನ್ನಷ್ಟೇ. ಗಾಜಿನ ಆಚೆ ಕತ್ತಿಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದ ಮಹಾಂತಪ್ಪನವರು, ಅಣಕ ಬಂದಾಗಲೆಲ್ಲ ಹೌದು ಎಂದು ತಲೆಯಾಡಿಸುತ್ತಿದ್ದರು.

ಇವತ್ತು ಯಂತ್ರ ಮೊದಲ ಸಲ ಮಾತಾಡುವ ದಿನ.

ಸ್ಯಾನ್ ಡಿಯೇಗೋದ ಮಹಾಂತಪ್ಪನವರ ಮನೆ ತಲುಪಿದಾಗ ಹರಿಣಿ ಆಗಲೇ ಬಂದು ಟ್ಯಾಬ್ಲೆಟ್ಟನ್ನು ಊಟದ ಮೇಜಿನ ಮೇಲೆ ನಿಲ್ಲಿಸಿದ್ದಳು. ಮಹಾಂತಪ್ಪನವರು ಇಸ್ತ್ರಿ ಅಂಗಿ ಹಾಕಿ, ತಲೆ ಬಾಚಿಕೊಂಡು, ಹೆಣ್ಣು ನೋಡಲು ಹೋದವರ ಹಾಗೆ ನೆಟ್ಟಗೆ ಕೂತಿದ್ದರು. ಒಳಗಿಂದ ಒಗ್ಗರಣೆಯ ವಾಸನೆ. “ಅಂಕಲ್, ರೆಡಿ?” ಎಂದಳು ಹರಿಣಿ. ಅವರು ಬೆರಳಿಟ್ಟು ಅಕ್ಷರ ಹುಡುಕಿ ಹುಡುಕಿ ಒತ್ತಿದರು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಮೇಜು ಮಾತಾಡಿತು: “ಹ್ಞಾ. ಬಾಗಲಾ ಹಾಕೇತೇನ?” ಅಡುಗೆಮನೆಯಿಂದ ವಿಜಯಕ್ಕ, “ಹಾಕೇನ್ರೀ, ಆಗಿಂದ ಎಷ್ಟ ಸಲ ಕೇಳ್ತೀರಿ!” ಎಂದು ಕೂಗಿದರು. ಕೂಗಿ ಆದ ಮೇಲೆ ಪಾತ್ರೆಯ ಸದ್ದು ನಿಂತಿತು. ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದರು. ಯಾರನ್ನೂ ನೋಡಲಿಲ್ಲ, ಟ್ಯಾಬ್ಲೆಟ್ಟನ್ನೇ ನೋಡಿದರು, ಊರಿಂದ ಬಂದವರನ್ನು ನೋಡುವ ಹಾಗೆ. ಹರಿಣಿ ಕಣ್ಣೊರೆಸಿಕೊಂಡಳು. ಪ್ರಸಾದ್ ಕೇಳಿಸಿಕೊಂಡದ್ದು ಬೇರೆ. ‘ಹ್ಞಾ’ ಆದ ಮೇಲಿನ ಆ ಸಣ್ಣ ಬಿಡುವು ಮಹಾಂತಪ್ಪನವರದಲ್ಲ. ಸಭೆ ನಕ್ಕು ಮುಗಿಸಲಿ ಎಂದು ಅವನು ಬಿಡುತ್ತಿದ್ದ ಜಾಗ ಅದು. ಯಂತ್ರ ಅದನ್ನೂ ಕಲಿತಿತ್ತು.

ಹರಿಣಿ ಹೋದ ಮೇಲೆ ಊಟಕ್ಕೆ ಕೂತರು. ಮಹಾಂತಪ್ಪನವರು ಊಟ ಬಿಟ್ಟು ಒತ್ತುತ್ತಲೇ ಇದ್ದರು, ಎರಡು ವರ್ಷದ ಮಾತು ಬಾಕಿ ಇತ್ತಲ್ಲ. ಇವತ್ತು ಯಾವ ಡಬ್ಬಿ ಬೀಳ್ತೈತಿ ಎಂದು ಕೇಳಿದರು. ಪ್ರಸಾದ್ ಲ್ಯಾಪ್‌ಟಾಪ್ ತೆರೆದು ತೋರಿಸಿದ, ಮೇಷ್ಟ್ರಿಗೆ ನೋಟುಬುಕ್ಕು ತೋರಿಸುವ ಹುಡುಗನಂತೆ, ಮೆಚ್ಚುಗೆಯ ಆಸೆಯಿಂದಲೇ. ಅವರು ಕನ್ನಡಕ ಏರಿಸಿ ಡಬ್ಬಿಯ ಹಾದಿಯ ಗೆರೆಯನ್ನು ನೋಡಿದರು. ಅವರ ಮುಖ ಕೆಲಸದ ಮುಖವಾಯಿತು.

“ಸೂರ್ಯನ ನಂಬರ್ ಯಾವಾಗಿಂದು?” ಎಂದಿತು ಯಂತ್ರ.

“ನಿನ್ನೆ ಸಂಜೇದು, ಸಾರ್.”

“ಹ್ಞಾ. ಇವತ್ತು ಮುಂಜಾನೆ ಸೂರ್ಯ ಕೆಮ್ಮ್ಯಾನ. ನೋಡಿಲ್ಲೇನು?”

ಪ್ರಸಾದನಿಗೆ ನಗು ಬಂತು. ತಡೆದುಕೊಂಡ, ಆದರೆ ಬಂದದ್ದಂತೂ ನಿಜ. ತನ್ನದೇ ಜೋಕಿನ ದನಿ, ತನ್ನದೇ ಎಳೆತ, ಸೂರ್ಯ ಕೆಮ್ಮಿದನಂತೆ! ಹೇಳಿದ ಮಾತು ಮಾತ್ರ ಚಳಿಯಂತೆ ನಿಧಾನವಾಗಿ ಒಳಗೆ ಇಳಿಯಿತು. ಸೂರ್ಯನಲ್ಲಿ ಬಿರುಗಾಳಿ ಎದ್ದರೆ ಇಲ್ಲಿ ಮೇಲಿನ ಗಾಳಿ ಬಿಸಿಯಾಗಿ ಉಬ್ಬುತ್ತದೆ. ಉಬ್ಬಿದ ಗಾಳಿ ಸುತ್ತುವ ಡಬ್ಬಿಯನ್ನು ಬೇಗ ಕೆಳಗೆ ಎಳೆಯುತ್ತದೆ. ಮಹಾಂತಪ್ಪನವರ ಬೆರಳು ಪರದೆಯ ಮೇಲೆ ಕೊನೆಯ ಮೂರು ಚುಕ್ಕಿಗಳನ್ನು ಮುಟ್ಟಿತು. ರಡಾರಿಗೆ ಕಂಡ ಆ ಮೂರೂ ಸಲ ಡಬ್ಬಿ, ಬರಬೇಕಾದ ಹೊತ್ತಿಗಿಂತ ಮುಂಚೆ ಬಂದಿತ್ತು. ಪ್ರಸಾದ್ ಅವನ್ನು ಬೆಳಿಗ್ಗೆ ನೋಡಿದ್ದ. ನೋಡಿಯೂ, ಸಹಿ ಆಗಿಬಿಟ್ಟಿದ್ದರಿಂದ, ನೋಡಿರಲಿಲ್ಲ. ಒಂದು ಸುತ್ತು ಮುಂಚೆ ಬಿದ್ದರೆ ಭೂಮಿ ಅಷ್ಟು ತಿರುಗಿರುವುದಿಲ್ಲ, ಪೆಸಿಫಿಕ್ ಇರಬೇಕಾದಲ್ಲಿ ದಕ್ಷಿಣ ಅಮೆರಿಕದ ಊರುಗಳಿರುತ್ತವೆ.

ಆಗಲೇ ಫೋನ್ ಬಡಿದುಕೊಂಡಿತು, ವಿಕ್ರಮ್. ಕೈಗೆ ಅನ್ನ ಮೆತ್ತಿತ್ತು, ಪ್ರಸಾದ್ ಸ್ಪೀಕರಿಗೆ ಹಾಕಿದ.

“ಪ್ರಸಾದ್, ಕಸ್ಟಮರ್ ಆ ಕಡೆ ಲೈನಲ್ಲಿ ಕಾಯ್ತಿದಾನೆ. ಫೈನಲ್ ಕೊಟ್ಬಿಡು. ಪೆಸಿಫಿಕ್ ತಾನೇ?”

ಪ್ರಸಾದ್ ಬಾಯಿ ತೆರೆಯುವುದರೊಳಗೆ ಮಹಾಂತಪ್ಪನವರ ಬೆರಳುಗಳು ಓಡಿದವು, ಅವು ಅಷ್ಟು ವೇಗವಾಗಿ ಓಡಬಲ್ಲವೆಂದು ಯಾರಿಗೂ ಗೊತ್ತಿರಲಿಲ್ಲ. “ಹ್ಞಾ. ಪೆಸಿಫಿಕ್ ಅಲ್ರಿ. ವಿಂಡೋ ಅಗಲ ಮಾಡ್ರಿ. ಎರಡಕ್ಕ ಶುರು ಮಾಡ್ರಿ, ಐದೂವರಿ ತನಕ. ಆ ದೇಶದವರಿಗೆ ಈಗ ಫೋನ್ ಹಚ್ಚ್ರಿ. ಮಂದಿ ಒಳಗ ಇರ್ಲಿ.”

ಮಹಾಂತಪ್ಪನವರು ಫೋನಿನ ಕಡೆಗೆ ಬಾಗಿದರು. ಆ ಕಡೆಯಿಂದ ಬಂದದ್ದು ನಗು, ಉಬ್ಬಸ ಬರುವಂಥ ನಗು.

“ಯಪ್ಪಾ! ಸಾಕು ಮಾರಾಯ, ಹೊಟ್ಟೆ ನೋಯ್ತಿದೆ. ಪಾಪ, ಆ ಮನುಷ್ಯನಿಗೆ ಗಂಟಲೇ ಇಲ್ಲ, ಈಗಲಾದ್ರೂ ಬಿಡೋ ಅವರನ್ನ! ಮಂದಿ ಒಳಗ ಇರ್ಲಿ ಅಂತೆ...”

“ವಿಕ್ರಮ್, ಕೇಳಿಲ್ಲಿ. ಅವರೇ. ನಿಜವಾಗ್ಲೂ ಅವರೇ ಮಾತಾಡ್ತಿರೋದು.”

“ಹೌದೌದು. ಹಂಗಾದ್ರೆ ಸಾರಿಗೆ ನನ್ನ ನಮಸ್ಕಾರ ಹೇಳು. ಬೆಳಗಿನ ನಂಬರೇ ಕಳಿಸ್ತಿದೀನಿ, ಓಕೆ?” ಎಂದು ಇಟ್ಟುಬಿಟ್ಟ.

ಪ್ರಸಾದ್ ಕೈ ತೊಳೆದುಕೊಂಡು ಹಿತ್ತಲಿನ ಕಟ್ಟೆಗೆ ಬಂದ. ತಿರುಗಿ ಫೋನ್ ಮಾಡಿದ, ವಿಕ್ರಮ್ ಎತ್ತಲಿಲ್ಲ. ಅವನು ಗಿರಾಕಿಯ ಜೊತೆ ಇದ್ದ. ಆಫೀಸಿನ ಇನ್ನೊಬ್ಬರಿಗೆ ಮಾಡಬಹುದಿತ್ತು. ನೇರ ಗಿರಾಕಿಗೇ ಮಾಡಬಹುದಿತ್ತು. ಮಾಡಿದರೆ ಏನು ಹೇಳುವುದು? ನಿನ್ನೆಯ ಸೂರ್ಯನನ್ನು ಹಾಕಿಕೊಂಡು ಇವತ್ತಿನ ಸಹಿ ಮಾಡಿದೆ ಎಂದೇ? ಅದನ್ನು ಯಾರ ದನಿಯಲ್ಲಿ ಹೇಳುವುದು ಎಂಬ ಯೋಚನೆ ಬಂದದ್ದೇ ಅವನಿಗೆ ಅಸಹ್ಯವಾಯಿತು. ಆದರೂ ಬಂದಿತ್ತು. ಕೊನೆಗೆ ಒಂದು ಮೆಸೇಜ್ ಬರೆದ: ತಮಾಷೆ ಅಲ್ಲ, ವಿಂಡೋ ಅಗಲ ಮಾಡಬೇಕು, ಬೇಗ ಬೀಳುತ್ತಿದೆ. ಉತ್ತರವಾಗಿ ಕಣ್ಣೀರು ಸುರಿಸಿ ನಗುವ ಮುಖಗಳು ಮೂರು ಬಂದವು, ಅವುಗಳ ಕೆಳಗೆ ‘ಪ್ಲಸ್ ಆರ್ ಮೈನಸ್ ಎರಡ ದಿವಸ?’ ಎಂದಿತ್ತು. ಪ್ರಸಾದ್ ಫೋನನ್ನು ಜೇಬಿಗಿಟ್ಟ. ಪ್ರಯತ್ನಪಟ್ಟೆನಲ್ಲ ಎಂದುಕೊಂಡ. ಹಾಗೆ ಅಂದುಕೊಂಡದ್ದನ್ನು ಗಾಜಿನ ಬಾಗಿಲ ಒಳಗಿಂದ ಮಹಾಂತಪ್ಪನವರು ನೋಡುತ್ತಿದ್ದರು. ದೂರದ ಬಂಡೆಯಂಚಿನಿಂದ ಬಣ್ಣದ ಗಾಳಿಕೊಡೆ ಕಟ್ಟಿಕೊಂಡವರು ಒಬ್ಬೊಬ್ಬರಾಗಿ ಕಡಲ ಮೇಲಕ್ಕೆ ಜಿಗಿಯುತ್ತಿದ್ದರು. ಒಬ್ಬರೂ ಬೀಳುತ್ತಿರಲಿಲ್ಲ.

ಮೂರೂಕಾಲಿಗೆ ಬಿತ್ತು. ಮೊದಲು ಬಂದದ್ದು ಯಾರೋ ಬಸ್ಸಿನೊಳಗಿಂದ ತೆಗೆದ ವಿಡಿಯೋ. ಅಲ್ಲಿಯ ಇಳಿಬಿಸಿಲಿನ ಆಕಾಶದಲ್ಲಿ ಬಿಳಿ ಗೀರುಗಳು, ಸ್ಪ್ಯಾನಿಷಿನಲ್ಲಿ ಮಕ್ಕಳ ಕೇಕೆ. ಆಮೇಲೆ ಆಂಡೀಸ್ ಬೆಟ್ಟದ ತಪ್ಪಲಿನ ಒಂದು ಊರಿನ ಹೆಸರು. ಯಾರ ಮಾತನ್ನಾದರೂ ಬಾಯಿಗೆ ಇಳಿಸಬಲ್ಲವನಿಗೆ ಆ ಹೆಸರು ನಾಲಿಗೆಗೆ ಹತ್ತಲಿಲ್ಲ. ಸಂತೆಯ ದಿನವಂತೆ. ಲೋಹದ ಗುಂಡೊಂದು ತಗಡಿನ ಮಾಡು ಸೀಳಿಕೊಂಡು ಬಂದಿತ್ತು. ಒಬ್ಬ ಹೆಂಗಸು ಸತ್ತಿದ್ದಳು. ಅವಳ ಪಕ್ಕ ಬಿದ್ದಿದ್ದವರು ಯಾರೆಂದು ಇನ್ನೂ ಗುರುತು ಸಿಕ್ಕಿರಲಿಲ್ಲ. ವಿಕ್ರಮ್ ಮೇಲಿಂದ ಮೇಲೆ ಫೋನ್ ಮಾಡತೊಡಗಿದ, ಈಗ ಎತ್ತದವನು ಪ್ರಸಾದ್. ವಿಜಯಕ್ಕ “ಏನಾತು?” ಎಂದು ಇಬ್ಬರ ಮುಖವನ್ನೂ ನೋಡಿದರು. ಹೇಳಬಲ್ಲವನು ಫೋನನ್ನೇ ನೋಡುತ್ತಿದ್ದ, ಇನ್ನೊಬ್ಬರಿಗೆ ಯಂತ್ರ ಬೇಕಿತ್ತು.

ಮಹಾಂತಪ್ಪನವರು ಟ್ಯಾಬ್ಲೆಟ್ಟನ್ನು ಎಳೆದುಕೊಂಡರು. ಬಹಳ ಹೊತ್ತು ಒತ್ತಿದರು, ಅಳಿಸಿದರು, ಮತ್ತೆ ಒತ್ತಿದರು. ಪ್ರಸಾದ್ ಬೈಗುಳಕ್ಕೆ ಕಾದ. ಬೈಗುಳ ಬಂದರೆ ಬದುಕಿಕೊಂಡೆ ಎಂದು ಕಾದ.

“ಹ್ಞಾ. ಪ್ರಸಾದ್, ನಿಮ್ಮ ದನಿ ಛಲೋ ಐತಿ. ಆದ್ರ ಇದು ಹೇಳಿದ್ದನ್ನ ಯಾರೂ ನಂಬಂಗಿಲ್ಲ. ನನಗ ಬ್ಯಾಡ.”

‘ಹ್ಞಾ’ ಆದ ಮೇಲಿನ ಆ ಬಿಡುವಿನಲ್ಲಿ ಯಾರೂ ನಗಲಿಲ್ಲ. ಅವರು ದನಿಯನ್ನು ತೆಗೆದುಹಾಕುವ ಗುಂಡಿ ಹುಡುಕುತ್ತಿದ್ದಾರೆಂದು ವಿಜಯಕ್ಕನಿಗೆ ತಿಳಿಯುವುದು ತಡವಾಯಿತು. “ರೀ, ಇರ್ಲಿ ಬಿಡ್ರಿ, ಹೊರಗಿನವರ ಮುಂದ ಬ್ಯಾಡ, ಮನ್ಯಾಗ ನನ್ನ ಜೊತಿ...” ಎಂದು ಕೈ ಹಿಡಿಯಹೋದರು. ಅವರು ಆ ಕೈಯನ್ನು ಮೆಲ್ಲಗೆ, ತಟ್ಟೆ ಸರಿಸಿದಂತೆ ಸರಿಸಿ, ಒತ್ತಿದರು. ಟ್ಯಾಬ್ಲೆಟ್ ಯಾವುದೋ ಇಂಗ್ಲಿಷ್ ಹೆಂಗಸಿನ ದನಿಯಲ್ಲಿ, ಖಚಿತವೇ ಎಂದು ಕೇಳಿತು. ಇನ್ನೊಮ್ಮೆ ಒತ್ತಿದರು. ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಪ್ರಸಾದ್ ಶೂ ಹಾಕಿಕೊಂಡ. ಜೇಬಿನೊಳಗೆ ಫೋನ್ ಸಿಕ್ಕಿಬಿದ್ದ ಹುಳದಂತೆ ಒದ್ದಾಡುತ್ತಿತ್ತು. ಇನ್ನು ಎತ್ತಲೇಬೇಕು, ಕಾರಿಗೆ ಹೋಗಿ ಎತ್ತಬೇಕು, ಎತ್ತಿದರೆ ಮೊದಲ ಮಾತು ಏನು? ವಿಜಯಕ್ಕ ಕಾರಿನ ತನಕ ಬಂದರು, ಬರಿಗಾಲಲ್ಲಿ. ಬೈಯಲು ಬಂದರೆಂದುಕೊಂಡ. ಅವರು ಒಮ್ಮೆ ಮನೆಯ ಕಡೆ ತಿರುಗಿ ನೋಡಿ, ಕಳ್ಳತನದ ಮಾಲು ಕೇಳುವವರ ಹಾಗೆ ದನಿ ತಗ್ಗಿಸಿದರು.

“ತಮ್ಮಾ, ಒಂದ ಸಲ ನನಗ ಬೈರಿ.”

“ಅಕ್ಕಾ?”

“ಅವರು ಬೈತಿದ್ರಲ್ಲ, ಹಂಗ. ನೀರ ಕೊಡು, ದೀಪ ಆರಸು ಅಂತ ನಿಮ್ಮ ಕಡಿಂದ ಎಲ್ಲಾ ಓದ್ಸಿದ್ರು. ಬೈಯೂದು ಯಾರೂ ಓದ್ಸಲಿಲ್ಲ. ಮೂವತ್ತಾರು ವರ್ಷ ದಿನಾ ಬೈಸ್ಕೊಂಡೇನಿ. ಒಂದ ಸಲ.”

ಮುನ್ನೂರು ಜನರ ಮುಂದೆ, ಮೈಕಿನಲ್ಲಿ, ಈ ಹೆಂಗಸನ್ನೇ ಆ ದನಿಯಲ್ಲಿ ಬೈದು ಚಪ್ಪಾಳೆ ಹೊಡೆಸಿಕೊಂಡವನು ಅವನು. ಹೆಗಲು ಬಗ್ಗಿಸಿದ. ಮೂಗಿನ ಹಿಂದೆ ಆ ಕೆಮ್ಮಿಗೆ ಹುಡುಕಿದ. ಇಡೀ ದಾರಿ ಬೇಡವೆಂದರೂ ಬರುತ್ತಿದ್ದದ್ದು ಅಲ್ಲಿರಲಿಲ್ಲ. ಎದೆಯವರೆಗೆ ಇಳಿದು ಹುಡುಕಿದ. ವಿಜಯಕ್ಕ ಕಣ್ಣು ಮುಚ್ಚಿಕೊಂಡು, ಮುಖ ಒಂದಿಷ್ಟು ಎತ್ತಿ ಕಾಯುತ್ತಿದ್ದರು.

“ಅಕ್ಕಾ, ಒಳಗೆ ಹೋಗಿ. ಗಾಳಿ ಇದೆ,” ಎಂದ. ಹೊರಗೆ ಬಂದದ್ದು ಅವನದೇ ದನಿ. ಸಣ್ಣದು, ಸ್ವಲ್ಪ ಒಡಕು, ಅವನೇ ಬಹಳ ಕಾಲದಿಂದ ಕೇಳಿರದಂಥದು.

“ಹಂಗಲ್ಲ,” ಎಂದರು ವಿಜಯಕ್ಕ, ಕಣ್ಣು ತೆರೆಯದೆ.